ಕಾಲಿಂಗ್ ಬೆಲ್ಲಿನೊಳಗಿಂದ ಬಂದ ಸೋಬಾನೆ

ಯಾವ ಬಗೆಯ ಸಾಹಿತ್ಯ ನಿಮಗಿಷ್ಟ ಎಂದು ಯಾರಾದರೂ ಕೇಳಿದರೆ, ಎದುರಿಗಿರುವವರ ಮುಖ ನೋಡಿಕೊಂಡು ಒಂದು ಗೌರವದ ಉತ್ತರ ಕೊಟ್ಟುಬಿಡುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏನು? ನಾನು ಬಹಳ ಪ್ರೀತಿಯಿಂದ ಓದಿದ್ದು ರೇಡಿಯೋ ಕಟ್ಟುವವರಿಗಾಗಿ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳಲ್ಲಿ ಸರ್ಕ್ಯೂಟಿನ ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗುತ್ತಿದ್ದ ಬಿಡಿಭಾಗಗಳ ವಿವರವನ್ನು. ಅದರಲ್ಲಿ ಕೆಲವು ಭಾಗಗಳ ಮುಂದೆ ಒಂದು ಮಾತಿರುತ್ತಿತ್ತು: 'ಅಥವಾ ಇದಕ್ಕೆ ಸಮನಾದದ್ದು.' ಆ ಮಾತನ್ನು ಬರೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನು ಮದ್ದೂರನ್ನು ನೋಡಿರಲಿಕ್ಕಿಲ್ಲ. ಆದರೆ ಮದ್ದೂರಿನಂಥ ಒಂದು ಊರು ಇರುತ್ತದೆ, ಅಲ್ಲಿ ತಾನು ಹೇಳಿದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಆದರೂ ಅಲ್ಲೊಬ್ಬನಿಗೆ ರೇಡಿಯೋ ಕಟ್ಟುವ ಹುಚ್ಚಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅಷ್ಟು ದೂರದಿಂದ ನನ್ನ ಕಷ್ಟ ತಿಳಿದುಕೊಂಡವನಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈಮುಗಿದಿದ್ದೇನೆ.

ಹಾಗೆ ನೋಡಿದರೆ ಈ ಔದಾರ್ಯ ನಮಗೇನೂ ಹೊಸದಲ್ಲ. ನಮ್ಮ ಮನೆಗೆ ಸತ್ಯನಾರಾಯಣ ಪೂಜೆ ಮಾಡಿಸಲು ಮದ್ದೂರಿನಿಂದ ಬರುತ್ತಿದ್ದ ಪುರೋಹಿತರು ದೇವರಿಗೆ ವಸ್ತ್ರ ಕೊಡುವ ಹೊತ್ತಿಗೆ ಸರಿಯಾಗಿ ನಮ್ಮ ಅಪ್ಪನ ಮುಖ ನೋಡುತ್ತಿದ್ದರು. ಅಪ್ಪ ಸೂರು ನೋಡುತ್ತಿದ್ದ. ಪುರೋಹಿತರು ಒಂದು ಕ್ಷಣವೂ ತಡವರಿಸದೆ ವಸ್ತ್ರದ ಬದಲಿಗೆ ಅಕ್ಷತೆ ಹಾಕಿಸುತ್ತಿದ್ದರು. ಆಮೇಲೆ ಆಭರಣ. ಅದಕ್ಕೂ ಅಕ್ಷತೆ. ಛತ್ರ, ಚಾಮರ, ರಥ, ಗಜ, ಎಲ್ಲದಕ್ಕೂ ನಾಲ್ಕು ಕಾಳು ಅಕ್ಷತೆ. ದೇವರು ಎಂದೂ ತಕರಾರು ಮಾಡಿದ್ದಿಲ್ಲ. ಆನೆಯ ಜಾಗಕ್ಕೆ ಅಕ್ಕಿ ಹಾಕಿದರೂ ಒಪ್ಪಿಕೊಳ್ಳುವ ದೇವರಿರುವಾಗ, ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ವಿದ್ಯುತ್ತು ಮಾತ್ರ ಯಾಕೆ ಮುನಿಸಿಕೊಳ್ಳಬೇಕು ಎಂದು ನಾನು ಧೈರ್ಯ ತಂದುಕೊಂಡದ್ದುಂಟು. ವಿದ್ಯುತ್ತಿಗೆ ದೇವರಷ್ಟು ತಾಳ್ಮೆ ಇಲ್ಲವೆಂಬುದು ಆಮೇಲೆ ತಿಳಿಯಿತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮದ್ದೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ನಿಡಘಟ್ಟದಲ್ಲಿ. ಬೆಳಿಗ್ಗೆ ಬೆಂಗಳೂರು ಕಡೆಯಿಂದ ಬರುವ ಯಾವುದಾದರೊಂದು ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಸಂಜೆ ಹಾಗೆಯೇ ನೇತಾಡಿಕೊಂಡು ಬರುವುದು. ಉಳಿದ ಹೊತ್ತಿನಲ್ಲಿ ಮನೆಯ ಹಿಂದಿನ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಕೂತು ವಾಲ್ವಿನ ರೇಡಿಯೋ ಒಂದನ್ನು ಕಟ್ಟುತ್ತಿದ್ದೆ. ಅಷ್ಟರಲ್ಲಾಗಲೇ ಎಲ್ಲರ ಕೈಯಲ್ಲೂ ಟ್ರಾನ್ಸಿಸ್ಟರ್ ಬಂದಿತ್ತು. ಹೊಲ ಉಳುವವರು ನೊಗಕ್ಕೆ ಸಿಗಿಸಿಕೊಂಡು ಹಾಡು ಕೇಳುವ ಕಾಲದಲ್ಲಿ ನಾನು ಗಾಜಿನ ವಾಲ್ವು, ಮೊಣಕೈಯುದ್ದದ ಅಲ್ಯೂಮಿನಿಯಂ ತಗಡು ಇಟ್ಟುಕೊಂಡು ಬೆಸುಗೆ ಹಾಕುತ್ತಿದ್ದೆ. ಬೆಂಗಳೂರಿನಿಂದ ಒಂದೊಂದಾಗಿ ಸಾಮಾನು ತಂದು ಎಲ್ಲವನ್ನೂ ಜೋಡಿಸಿದ್ದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಂದನ್ನು ಬಿಟ್ಟು. ಅದು ಮಾತ್ರ ಅಲ್ಲಿಯ ಅಂಗಡಿಯಲ್ಲೂ ಮುಗಿದಿತ್ತು. ಮುಂದಿನ ತಿಂಗಳು ಬನ್ನಿ ಎಂದಿದ್ದರು. ಹಾಗಾಗಿ ನನ್ನ ರೇಡಿಯೋ ಎಲ್ಲ ಅಂಗಾಂಗಗಳೂ ಇದ್ದು ಗಂಟಲೊಂದು ಇಲ್ಲದೆ ಹಲಗೆಯ ಮೇಲೆ ಕೂತಿತ್ತು.

ಈ ಟ್ರಾನ್ಸ್‌ಫಾರ್ಮರ್ ಮಾಡುವ ಕೆಲಸವೇನೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗ ಪುಸ್ತಕದ ಮಾತು ಸಾಲದೆ ಬಂದರೆ ನಾನು ಮನಸ್ಸಿನಲ್ಲಿ ನಮ್ಮ ಮನೆಯನ್ನೇ ನೆನೆಸಿಕೊಳ್ಳುತ್ತಿದ್ದೆ. ವಾಲ್ವು ಇದೆಯಲ್ಲ, ಅದು ನಮ್ಮ ಅಪ್ಪನ ಹಾಗೆ. ವೋಲ್ಟೇಜು ವಿಪರೀತ, ಹರಿಯುವ ಕರೆಂಟು ತೀರ ಕಡಿಮೆ. ಅಂದರೆ ಆಡುವುದು ಎರಡೇ ಮಾತು, ಆದರೆ ಆ ಎರಡು ಮಾತಿಗೆ ಹೆಂಚು ಅದುರಬೇಕು. ಸ್ಪೀಕರು ನನ್ನಂಥದು. ಅದಕ್ಕೆ ಅಷ್ಟು ವೋಲ್ಟೇಜು ನೇರವಾಗಿ ಕೊಟ್ಟರೆ ಸುಟ್ಟೇಹೋಗುತ್ತದೆ. ಮೆತ್ತಗೆ, ಆದರೆ ಧಾರಾಳವಾಗಿ ಕೊಟ್ಟರೆ ಮಾತ್ರ ಅಲ್ಲಾಡುತ್ತದೆ. ಇವರಿಬ್ಬರ ನಡುವೆ ಯಾರಾದರೂ ನಿಲ್ಲಬೇಕು. ನಮ್ಮ ಮನೆಯಲ್ಲಿ ಹಾಗೆ ನಿಂತಿದ್ದವಳು ಚಿಕ್ಕವ್ವ. ಜಗಲಿಯಲ್ಲಿ ಅಪ್ಪ, 'ಆ ಸೋಂಬೇರಿ ಇನ್ನೂ ಎದ್ದಿಲ್ವಾ' ಎಂದು ಗುಡುಗಿದ್ದು ಅಡುಗೆಮನೆಯನ್ನು ಹಾದು ನನ್ನ ಚಾಪೆಯ ಹತ್ತಿರ ಬರುವಷ್ಟರಲ್ಲಿ, 'ಮಗ, ಬಿಸ್ಲು ಬಂದದೆ, ಏಳಪ್ಪ' ಎಂದಾಗಿರುತ್ತಿತ್ತು. ಸಂದೇಶ ಅದೇ. ವೋಲ್ಟೇಜು ಮಾತ್ರ ಇಳಿದಿರುತ್ತಿತ್ತು.

ಚಿಕ್ಕವ್ವ ಎಂದರೆ ನನ್ನ ತಾಯಿಯ ತಂಗಿ. ನಾನು ಅಂಬೆಗಾಲಿಡುವಾಗಲೇ ನನ್ನ ತಾಯಿ ಜ್ವರ ಬಂದು ತೀರಿಕೊಂಡಳಂತೆ. ಅಕ್ಕ ಸತ್ತ ಮನೆಗೆ ತಂಗಿಯನ್ನೇ ಕೊಡುವುದು ನಮ್ಮ ಕಡೆ ಇದ್ದ ಪದ್ಧತಿ. ಕೂಸಿಗೆ ಹೊರಗಿನವಳು ಬರುವುದು ಬೇಡವೆಂದು ಹಿರಿಯರು ಯೋಚಿಸುತ್ತಿದ್ದರು. ಆ ತಂಗಿಗೆ ಏನನ್ನಿಸುತ್ತದೆಂದು ಯೋಚಿಸಿದವರು ಕಡಿಮೆ. ಹೀಗೆ ಬಂದ ಚಿಕ್ಕವ್ವ ನನ್ನನ್ನು ಸಾಕಿದಳು. ಅವಳಿಗೆ ಬೇರೆ ಮಕ್ಕಳಾಗಲಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ನಾನು ಚಿಕ್ಕವನಿದ್ದಾಗ ಬೇರೆ ಹುಡುಗರನ್ನು ನೋಡಿ ಅವಳನ್ನು ಅವ್ವ ಎಂದು ಕರೆದರೆ ತಿದ್ದುತ್ತಿದ್ದಳು. 'ಅಂಗನ್ಬ್ಯಾಡ ಕಣ್ಲಾ. ಅವ್ವ ಅಂದ್ರೆ ನಮ್ಮಕ್ಕ. ನಾನು ಚಿಕ್ಕವ್ವ' ಎನ್ನುತ್ತಿದ್ದಳು. ಅಕ್ಕನ ಗಂಡನಿಗೆ ಬಡಿಸಿದಳು, ಅಕ್ಕನ ಮಗನಿಗೆ ಎಣ್ಣೆ ಒತ್ತಿ ನೀರು ಹಾಕಿದಳು, ಅಕ್ಕನ ಒಲೆ ಊದಿದಳು. ಆ ಒಂದು ಹೆಸರನ್ನು ಮಾತ್ರ ಮುಟ್ಟಲಿಲ್ಲ.

ಚಿಕ್ಕವ್ವನಿಗೆ ಸೋಬಾನೆ ಪದಗಳು ಬರುತ್ತಿದ್ದವು. ಮದುವೆಯ ಮನೆಗಳಲ್ಲಿ ಹೆಂಗಸರು ಹಸೆಯ ಸುತ್ತ ಕೂತು ಹೇಳುವ ಪದಗಳು. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯ ಮದುವೆಯಾದರೂ ಅವಳಿಗೆ ಕರೆ ಬರುತ್ತಿತ್ತು. ಆದರೆ ಯಾರಾದರೂ ಹೊಗಳಿದರೆ ಸಾಕು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, 'ನಂದೇನ್ ದನಿ ಬುಡವ್ವ. ನಮ್ಮಕ್ಕಂದು ದನಿ ಅಂದ್ರೆ ದನಿ. ಅವಳ ಕೈಲಿ ಕಲ್ತಿದ್ದು ಒಂದಷ್ಟು ನಂಗೆ ಬತ್ತದೆ ಅಷ್ಟೇಯ' ಎಂದುಬಿಡುತ್ತಿದ್ದಳು. ಇದು ಬಿಂಕವಲ್ಲ, ಅವಳು ನಿಜಕ್ಕೂ ಹಾಗೇ ನಂಬಿದ್ದಳು. ತನ್ನದು ಒಡೆದ ದನಿ, ಅಕ್ಕನದು ಗಂಟೆಯಂಥದು ಎಂದು. ಅಕ್ಕನ ದನಿಯನ್ನು ಕೇಳಿದವನಲ್ಲವಾದ್ದರಿಂದ ನಾನು ಆ ವಿಷಯದಲ್ಲಿ ಏನೂ ಹೇಳುವ ಹಾಗಿರಲಿಲ್ಲ. ನನ್ನ ತಾಯಿಯದು ಒಂದು ಫೋಟೋ ಕೂಡ ಇರಲಿಲ್ಲ.

ಆ ವರ್ಷ ಮೈಸೂರಿನ ರೇಡಿಯೋ ನಿಲಯದವರು ಜೀಪಿನಲ್ಲಿ ಊರೂರು ತಿರುಗಿ ಹಳ್ಳಿಯ ಹೆಂಗಸರ ಹಾಡುಗಳನ್ನು ಟೇಪಿನಲ್ಲಿ ಹಿಡಿದುಕೊಳ್ಳುತ್ತಿದ್ದರು. ನಿಡಘಟ್ಟಕ್ಕೂ ಬಂದರು. ನಾನು ಸ್ಕೂಲಿನಲ್ಲಿದ್ದೆ. ಸಂಜೆ ಬಂದಾಗ ಚಿಕ್ಕವ್ವ ಹೊಸ ಸೀರೆಯಲ್ಲೇ ರಾಗಿ ಬೀಸುತ್ತಿದ್ದಳು. ಅವಳೂ ಇನ್ನು ನಾಲ್ಕಾರು ಹೆಂಗಸರೂ ಪದ ಹೇಳಿದ್ದರು. ಇವಳೇ ಮುಂದೆ, ಉಳಿದವರು ಹಿಂದಿನಿಂದ ಸೊಲ್ಲು ಹಿಡಿಯುವವರು. ಹಿಡಿದುಕೊಂಡಿದ್ದನ್ನು ಒಂದು ಸಲ ಕೇಳಿಸಿ ಎಂದು ಹೆಂಗಸರು ಕೇಳಿದರೆ, ಕತ್ತಲಾಗುವುದರೊಳಗೆ ಹಲಗೂರಿಗೂ ಹೋಗಬೇಕು, ಬರುವ ಭಾನುವಾರ ಮಧ್ಯಾಹ್ನ ಹೆಂಗಸರ ಕಾರ್ಯಕ್ರಮದಲ್ಲಿ ಬರುತ್ತದೆ, ಅಲ್ಲೇ ಕೇಳಿ ಎಂದು ಹೊರಟುಬಿಟ್ಟಿದ್ದರು.

'ನನ್ ದನಿ ಎಂಗದೆ ಅಂತ ನಾನೇ ಕೇಳಿಲ್ಲ ನೋಡ್ಲಾ ಮಗ' ಎಂದಳು ಚಿಕ್ಕವ್ವ, ಬೀಸುವ ಕಲ್ಲನ್ನು ನಿಲ್ಲಿಸಿ. 'ಊರೋರೆಲ್ಲ ಕೇಳವ್ರೆ. ಒಂದ್ಸಲ ನಾನೂ ಕೇಳ್ಬೇಕು.'

ಅವಳು ಬಾಯಿಬಿಟ್ಟು ಬೇಕೆಂದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿದ ನೆನಪಿಲ್ಲ. ಪಟೇಲರ ಮನೆಯಲ್ಲಿ ಒಳ್ಳೆಯ ಟ್ರಾನ್ಸಿಸ್ಟರ್ ಇದೆ, ಭಾನುವಾರ ಅಲ್ಲಿಗೆ ಹೋಗೋಣ ಎಂದೆ. ಅವಳು ಕಲ್ಲನ್ನು ಮತ್ತೆ ತಿರುಗಿಸತೊಡಗಿದಳು.

'ಅಲ್ಲಿಗ್ಯಾಕೆ? ನನ್ ಮಗ ರೇಡಿಯೋ ಕಟ್ತಾವ್ನೆ, ಅದ್ರಲ್ಲೇ ಕೇಳೋದು, ನೀವೂ ಬನ್ನಿ ಅಂತ ಎಲ್ಲಾರ್ಗೂ ಯೋಳ್ಬುಟ್ಟಿವ್ನಿ.'

'ಅದಿನ್ನೂ ಮಾತಾಡಲ್ಲ ಚಿಕ್ಕವ್ವ. ಒಂದು ಸಾಮಾನು ಸಿಕ್ಕಿಲ್ಲ.'

'ಮಾತಾಡ್ದಿದ್ರೆ ಬ್ಯಾಡ ಬುಡು. ಇಷ್ಟ್ ದಿನ ಕೇಳ್ದೆ ಇದ್ದೋಳು ಇನ್ನೂ ಕೇಳ್ದೆ ಇತ್ತೀನಿ. ಬ್ಯಾರೆ ಮನೆಗೆ ಮಾತ್ರ ಬರಾಕಿಲ್ಲ.'

ಅವಳ ಮೊಂಡುತನ ನನಗೆ ಗೊತ್ತು. ರೇಡಿಯೋದವರು ಹಾಡನ್ನು ಮತ್ತೊಮ್ಮೆ ಹಾಕುತ್ತಾರೆಂಬ ಭರವಸೆ ಏನೂ ಇಲ್ಲ. ಗಾಳಿಯಲ್ಲಿ ಒಂದು ಸಲ ಬಂದು ಹೋಗುವ ವಸ್ತು ಅದು. ಭಾನುವಾರದೊಳಗೆ ನನ್ನ ರೇಡಿಯೋಗೆ ಗಂಟಲು ಬಾರದಿದ್ದರೆ ಚಿಕ್ಕವ್ವ ತನ್ನ ದನಿಯನ್ನು ಕೇಳುವುದೇ ಇಲ್ಲ. ಅದಕ್ಕಾಗಿ ನನ್ನನ್ನು ಒಂದು ಮಾತು ಅನ್ನುವುದೂ ಇಲ್ಲ. ಅಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಮಾರನೆಯ ದಿನ ರಜೆ ಹಾಕಿ ಮಂಡ್ಯಕ್ಕೆ ಹೋದೆ. ಅಲ್ಲಿ ಕೆಂಪಯ್ಯನೆಂಬವನದು ರೇಡಿಯೋ ರಿಪೇರಿ ಅಂಗಡಿ. ನನಗಿಂತ ಸ್ವಲ್ಪ ದೊಡ್ಡವನು, ಮಹಾ ಮಾತುಗಾರ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಕೆಂದೆ. ಒಳಗೆಲ್ಲ ಜಾಲಾಡಿದ. ಸುಟ್ಟುಹೋದವು ಸಿಕ್ಕವು, ಸುಡಲಿರುವುದು ಒಂದೂ ಸಿಗಲಿಲ್ಲ. ಆಗ ನಾನು ಆ ಪತ್ರಿಕೆಯ ಪುಣ್ಯಾತ್ಮನನ್ನು ನೆನೆದು, 'ಇದಕ್ಕೆ ಸಮನಾದದ್ದು ಏನಾದರೂ ಇದೆಯಾ ಕೆಂಪಯ್ಯ? ಇನ್ನೂರ ಮೂವತ್ತನ್ನು ಆರೋ ಎಂಟೋ ವೋಲ್ಟಿಗೆ ಇಳಿಸುವ ಯಾವ ಸಣ್ಣ ಟ್ರಾನ್ಸ್‌ಫಾರ್ಮರ್ ಆದರೂ ಆದೀತು. ಲೆಕ್ಕ ಹಾಕಿದ್ದೇನೆ, ಹತ್ತಿರ ಹತ್ತಿರ ಹೊಂದುತ್ತದೆ' ಎಂದೆ.

'ಅಂದ್ರೆ ಕಾಲಿಂಗ್ ಬೆಲ್ಲಿಗೆ ಆಕ್ತಾರಲ್ಲ, ಅದಾ?'

'ಅದೇ.'

'ಏನ್ ಮೇಷ್ಟ್ರೆ ನೀವು. ಗಂಟೆ ಒಡಿಯೋ ಟ್ರಾನ್ಸ್‌ಫಾರ್ಮರ್‌ನಾಗೆ ಪದ ಬತ್ತದಾ? ಬಂದ್ರೂ ಟಿಣ್ ಟಿಣ್ ಅಂತದೆ ಅಷ್ಟೇಯ.' ಹಾಗೆಂದು ಚೆನ್ನಾಗಿ ನಕ್ಕು, ಆಮೇಲೆ ತಾನೇ ದಾರಿ ತೋರಿಸಿದ. ಮಳವಳ್ಳಿಯ ವಕೀಲರೊಬ್ಬರ ಮನೆಗೆ ಅವನೇ ಬೆಲ್ ಹಾಕಿಕೊಟ್ಟಿದ್ದನಂತೆ. ಅವರು ಈಗ ಬಂದು ಕಿತ್ತುಕೊಂಡು ಹೋಗು ಎಂದು ಸಿಕ್ಕಿದವರ ಹತ್ತಿರವೆಲ್ಲ ಹೇಳಿ ಕಳಿಸುತ್ತಿದ್ದಾರಂತೆ.

ಮಳವಳ್ಳಿಯ ಬಸ್ಸಿನಲ್ಲಿ ಕೂತು ನಾನು ಆ ಬೆಲ್ಲು ಏನು ತಪ್ಪು ಮಾಡಿರಬಹುದೆಂದು ಯೋಚಿಸುತ್ತಿದ್ದೆ. ವಕೀಲರ ಮನೆಯ ಮುಂದೆ ಹೋದಾಗ ಅರ್ಥವಾಯಿತು. ಬಾಗಿಲ ಪಕ್ಕದಲ್ಲಿ ಬೆಲ್ಲಿನ ಗುಂಡಿ ಬೆಳ್ಳಗೆ ಹೊಳೆಯುತ್ತಿತ್ತು. ಅದರಿಂದ ಮಾರು ದೂರ ಹಿಂದೆ ಸರಿದು ಹಳ್ಳಿಯಿಂದ ಬಂದ ನಾಲ್ಕು ಜನ ಕಕ್ಷಿದಾರರು ಸಾಲಾಗಿ ನಿಂತು ಸರದಿಯ ಮೇಲೆ ಕೆಮ್ಮುತ್ತಿದ್ದರು. ದೊಡ್ಡವರ ಮನೆಯ ಮುಂದೆ ನಿಂತು ಮೆಲ್ಲಗೆ ಕೆಮ್ಮುವುದು ನಮ್ಮ ಕಡೆಯ ಮರ್ಯಾದೆ. ಗುಂಡಿ ಒತ್ತಿ ಒಳಗಿನವರನ್ನು ಕರೆಸಿಕೊಳ್ಳುವುದು ಅವರಿಗೆ ಸೊಕ್ಕಿನ ಕೆಲಸವಾಗಿ ಕಾಣಿಸಿರಬೇಕು. ವಕೀಲರು ಹೊರಗೆ ಬಂದವರು ನನ್ನ ಕೋರಿಕೆ ಕೇಳಿ ಬಹಳ ಸಂತೋಷಪಟ್ಟರು.

'ತಗೊಂಡು ಹೋಗಿ ಮೇಷ್ಟ್ರೇ. ಇದನ್ನ ಒತ್ತಬೇಕಾದವರು ಒತ್ತೋದಿಲ್ಲ, ಸ್ಕೂಲಿಗೆ ಹೋಗೋ ಹುಡುಗರು ಒತ್ತಿ ಓಡಿಹೋಗ್ತಾರೆ. ಯಾರು ಬಂದಿದ್ದಾರೆ ಅಂತ ನಾನು ಈಗಲೂ ಕೆಮ್ಮು ಕೇಳಿಯೇ ಗುರುತು ಹಿಡಿಯೋದು' ಎಂದರು. ಸ್ಕ್ರೂಡ್ರೈವರನ್ನೂ ಅವರೇ ತಂದುಕೊಟ್ಟರು, ಕಾಫಿಯನ್ನೂ ಕೊಟ್ಟರು. ಚಿಕ್ಕವ್ವನ ವಿಷಯ ಹೇಳಿದೆ. ಭಾನುವಾರ ತಾವೂ ರೇಡಿಯೋ ಹಾಕುವುದಾಗಿ ಹೇಳಿದರು.

ಟ್ರಾನ್ಸ್‌ಫಾರ್ಮರ್ ಸಿಕ್ಕರೂ ಹಾಗೇ ಹಾಕುವಂತಿರಲಿಲ್ಲ. ಬೆಲ್ಲಿನದರೊಳಗೆ ಕಬ್ಬಿಣದ ತಗಡುಗಳನ್ನು ಒಂದಕ್ಕೊಂದು ಹೆಣೆದು ಬಿಗಿಯಾಗಿ ಜೋಡಿಸಿರುತ್ತಾರೆ. ಮನೆಯ ಕರೆಂಟಿಗೆ ಅದು ಸರಿ. ವಾಲ್ವಿನಿಂದ ಬರುವ ಕರೆಂಟು ಒಂದೇ ದಿಕ್ಕಿಗೆ ಒತ್ತುತ್ತಿರುತ್ತದೆ. ಆ ಒತ್ತಡಕ್ಕೆ ಬಿಗಿಯಾದ ಕಬ್ಬಿಣ ಬೇಗ ತುಂಬಿಹೋಗಿ ಉಸಿರುಗಟ್ಟುತ್ತದೆ, ಹಾಡು ಒಡೆಯುತ್ತದೆ. ಅದಕ್ಕೆ ತಗಡುಗಳನ್ನೆಲ್ಲ ಬಿಚ್ಚಿ, ಒಂದು ಬಗೆಯವನ್ನೆಲ್ಲ ಒಂದು ಕಡೆ, ಇನ್ನೊಂದು ಬಗೆಯವನ್ನೆಲ್ಲ ಇನ್ನೊಂದು ಕಡೆ ಇಟ್ಟು, ನಡುವೆ ಒಂದು ಕಾಗದದಷ್ಟು ಸಂದು ಬಿಡಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿದುಹೋದ ತಿಂಗಳೊಂದರ ಹಾಳೆ ಹರಿದು ಆ ಸಂದಿಗೆ ಇಟ್ಟೆ. ಕಬ್ಬಿಣವಾಗಲಿ ಸಂಸಾರವಾಗಲಿ, ಕಾಗದದಷ್ಟು ಸಂದು ಇದ್ದರೆ ದನಿ ಒಡೆಯುವುದಿಲ್ಲ ಎಂದು ಈಗ ಬರೆಯಬಹುದು. ಆಗ ನನಗಿದ್ದ ಯೋಚನೆ ತಗಡಿನ ಅಂಚು ಬೆರಳು ಕೊಯ್ಯುತ್ತಿದೆಯಲ್ಲ ಎಂಬುದೊಂದೇ.

ಇನ್ನೊಂದು ಸೂಕ್ಷ್ಮವಿತ್ತು. ನಾನು ಕಟ್ಟಿದ ಸರ್ಕ್ಯೂಟಿನಲ್ಲಿ ಸ್ಪೀಕರಿಗೆ ಹೋಗುವ ದನಿಯಲ್ಲಿ ಒಂದು ಚೂರನ್ನು ಹಿಂದಕ್ಕೆ ತಂದು ಮೊದಲ ಹಂತಕ್ಕೆ ಕೊಡುವ ಏರ್ಪಾಡಿತ್ತು. ಅಡುಗೆ ಮಾಡುವವರು ಸಾರನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡಿ ಸರಿಮಾಡುತ್ತಾರಲ್ಲ, ಹಾಗೆ. ಇದರಿಂದ ದನಿ ತಿಳಿಯಾಗುತ್ತದೆ. ಆದರೆ ಟ್ರಾನ್ಸ್‌ಫಾರ್ಮರಿನಿಂದ ಹೊರಬರುವ ಎರಡು ತಂತಿಗಳು ಅದಲುಬದಲಾದರೆ, ಉಪ್ಪು ಹೆಚ್ಚಾಗಿದೆ ಎಂದು ಗೊತ್ತಾದ ಮೇಲೆ ಇನ್ನಷ್ಟು ಉಪ್ಪು ಸುರಿದಂತೆ. ರೇಡಿಯೋ ಹಾಡುವುದನ್ನು ಬಿಟ್ಟು ಊಳಿಡುತ್ತದೆ. ಬೆಲ್ಲಿಗೆ ಯಾವ ತಂತಿ ಎಲ್ಲಿಗೆ ಹೋದರೂ ಒಂದೇ ಆದ್ದರಿಂದ ಅವುಗಳ ಮೇಲೆ ಗುರುತೇನೂ ಇರಲಿಲ್ಲ.

ಶನಿವಾರ ಸ್ಕೂಲು ಮುಗಿಸಿ ಬಂದು ತಂತಿಗಳನ್ನು ಅಂದಾಜಿನ ಮೇಲೆ ಜೋಡಿಸಿ ಸ್ವಿಚ್ಚು ಹಾಕಿದೆ. ವಾಲ್ವುಗಳು ಕೆಂಪಗೆ ಕಾಯುವವರೆಗೆ ನಾನೂ ಚಿಕ್ಕವ್ವನೂ ಉಸಿರು ಹಿಡಿದು ಕೂತಿದ್ದೆವು. ಆಮೇಲೆ ಯಾರೋ ಒಬ್ಬರು ಬಹಳ ಗಂಭೀರವಾಗಿ ಕೊಟ್ಟಿಗೆ ಗೊಬ್ಬರದ ಬಗ್ಗೆ ಮಾತಾಡುತ್ತಿರುವುದು ಕೇಳಿಸಿತು. ಇಷ್ಟು ಸೊಗಸಾಗಿ ಗೊಬ್ಬರದ ವಿಷಯ ಕೇಳಿದ್ದು ಅದೇ ಮೊದಲು. ಅಪ್ಪ ಕೂಡ ಜಗಲಿಯಿಂದ ಎದ್ದು ಬಂದು ಪೂರ್ತಿ ಕೇಳಿ, 'ಇದ್ನ ಯೋಳಕ್ಕೆ ಮೈಸೂರ್ಗೆ ಓಗ್ಬೇಕಾ' ಎಂದು ಹೊರಟುಹೋದ. ಇಷ್ಟಾದ ಮೇಲೆ ಎಲ್ಲವನ್ನೂ ಮಾವಿನ ಹಲಗೆಯ ಪೆಟ್ಟಿಗೆಯೊಳಗೆ ಕೂರಿಸಬೇಕಿತ್ತು. ಅದಕ್ಕೆ ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ಬಿಚ್ಚದೆ ಗತಿಯಿರಲಿಲ್ಲ. ನಾಳೆ ಅದಲುಬದಲಾಗಬಾರದೆಂದು ಗುರುತು ಹಾಕಲು ಬಣ್ಣ ಹುಡುಕಿದೆ, ಸಿಗಲಿಲ್ಲ. ದೇವರ ಗೂಡಿನಿಂದ ಕುಂಕುಮ ತಂದು, ಎಣ್ಣೆಯಲ್ಲಿ ಕಲಸಿ, ಒಂದು ತಂತಿಯ ತುದಿಗೆ ಹಚ್ಚಿದೆ. ಕುಂಕುಮವಿದ್ದದ್ದು ಮೇಲಕ್ಕೆ, ಇಲ್ಲದ್ದು ಕೆಳಕ್ಕೆ. ಬಣ್ಣದ ಬದಲಿಗೆ ಕುಂಕುಮ ಬಳಸಿದ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಭಾನುವಾರ ಬೆಳಿಗ್ಗೆ ರೇಡಿಯೋದ ಏರಿಯಲ್‌ಗೆ ತಂತಿ ಸಾಲದೆ ಮದ್ದೂರಿಗೆ ಹೋಗಿ ಬಂದೆ. ಬರುವಷ್ಟರಲ್ಲಿ ಕರೆಂಟು ಹೋಗಿತ್ತು. ಬೆಸುಗೆ ಹಾಕುವ ಕಡ್ಡಿಯನ್ನು ಚಿಕ್ಕವ್ವನ ಒಲೆಯ ಕೆಂಡದಲ್ಲೇ ಕಾಯಿಸಿಕೊಂಡು ಕೆಲಸ ಮುಗಿಸಿದೆ. ಮೊದಲು ಕೈಗೆ ಸಿಕ್ಕ ತಂತಿಯಲ್ಲಿ ಕುಂಕುಮವಿತ್ತು. ಅದನ್ನು ಮೇಲಕ್ಕೆ ಕೂರಿಸಿದೆ, ಇನ್ನೊಂದನ್ನು ಕೆಳಕ್ಕೆ. ಪೆಟ್ಟಿಗೆಯನ್ನು ನಡುಮನೆಗೆ ತಂದಿಟ್ಟೆ. ಅಷ್ಟರಲ್ಲಿ ಜೊತೆಯಲ್ಲಿ ಹಾಡಿದ್ದ ಹೆಂಗಸರೆಲ್ಲ ಬಂದು ನಡುಮನೆಯಲ್ಲಿ ಕೂತಿದ್ದರು. ತಲೆಗೆ ಹೂ ಮುಡಿದಿದ್ದರು. ರೇಡಿಯೋದಲ್ಲಿ ತಮ್ಮ ಮುಖವೂ ಕಾಣಿಸುತ್ತದೆಂದು ಅಂದುಕೊಂಡಿದ್ದರೋ ಏನೋ, ನಾನು ಕೇಳಲಿಲ್ಲ. ಕಾರ್ಯಕ್ರಮದ ಹೊತ್ತು ಹತ್ತಿರವಾದರೂ ಕರೆಂಟಿಲ್ಲ. ಚಿಕ್ಕವ್ವ ಎಲ್ಲರಿಗೂ ಎಲೆಅಡಿಕೆ ಕೊಡುತ್ತ, ಬಲ್ಬಿನ ಕಡೆ ನೋಡದವಳಂತೆ ನೋಡುತ್ತಿದ್ದಳು.

ಕರೆಂಟು ಬಂತು. ಸ್ವಿಚ್ಚು ಹಾಕಿದೆ. ವಾಲ್ವು ಕಾಯಿತು. ಆಮೇಲೆ ಹೊರಟಿತು ನೋಡಿ ಒಂದು ಊಳು. ಹೆಂಗಸರು ಕಿವಿ ಮುಚ್ಚಿಕೊಂಡರು. ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಜಗ್ಗತೊಡಗಿತು.

'ಇದ್ಯಾಕ್ಲಾ, ರೈಲು ಸಿಳ್ಳೆ ಒಡ್ದಂಗೆ ಒಡಿತದೆ' ಎಂದಳು ಒಬ್ಬಳು.

ಆರಿಸಿದೆ. ಬೆವರು ಕಿತ್ತುಕೊಂಡು ಬಂತು. ತಂತಿಯ ತಪ್ಪಿರಲಾರದು, ಕುಂಕುಮದ ಗುರುತು ನೋಡಿಯೇ ಹಾಕಿದ್ದೇನೆ. ಹಾಗಾದರೆ ಪೆಟ್ಟಿಗೆಯಲ್ಲಿ ಬಿಗಿಯುವಾಗ ಕಾಗದದ ಸಂದು ಕೆಟ್ಟಿರಬೇಕು, ಇಲ್ಲವೇ ಕೆಂಪಯ್ಯ ಹೇಳಿದ್ದೇ ಸರಿ, ಗಂಟೆಯ ಟ್ರಾನ್ಸ್‌ಫಾರ್ಮರಿನಲ್ಲಿ ಪದ ಬರುವುದಿಲ್ಲ. ಮತ್ತೆ ಬಿಚ್ಚಿ ನೋಡಲು ಹೊತ್ತಿಲ್ಲ. ಪಟೇಲರ ಮನೆಯ ಕಡೆಯಿಂದ ಕಾರ್ಯಕ್ರಮ ಶುರುವಾಗುವ ಸಂಗೀತ ಗಾಳಿಯಲ್ಲಿ ತೆಳ್ಳಗೆ ಬರುತ್ತಿತ್ತು. ನೀವೆಲ್ಲ ಅಲ್ಲಿಗೇ ಹೋಗಿಬಿಡಿ ಎಂದು ಹೆಂಗಸರಿಗೆ ಹೇಳಿದೆ. ಅವರು ಚಿಕ್ಕವ್ವನ ಮುಖ ನೋಡಿದರು. ಚಿಕ್ಕವ್ವ ಏಳಲಿಲ್ಲ, ಅವರೂ ಏಳಲಿಲ್ಲ. ಅವಳು ಸೆರಗಿನಿಂದ ನನ್ನ ಹಣೆ ಒರೆಸಿದಳು.

'ಓಗ್ಲಿ ಬುಡು ಮಗ. ಒಡ್ಕು ದನಿ, ಕೇಳಿ ಏನಾಗ್ಬೇಕಾಗದೆ. ನಿನ್ ಕೈಲಿ ಆಗೋದು ನೀನ್ ಮಾಡ್ದೆ. ನಾನೂ ನನ್ ಕೈಲಿ ಆಗೋದು ಮಾಡಿದ್ದೆ. ಬೆಳಿಗ್ಗೆ ತಲೆಗೆ ನೀರಾಕ್ಕೊಂಡು ಪೂಜೆ ಮಾಡಿ ಎಲ್ಡುಕ್ಕೂ ಕುಂಕ್ಮ ಇಟ್ಟಿದ್ದೆ.'

'ಯಾವ ಎರಡಕ್ಕೂ?'

'ಅದೇ, ಆ ತಂತಿಗೆ. ನೀನು ಒಂದ್ಕೆ ಇಟ್ಟು ಇನ್ನೊಂದ್ನ ಬರಿ ಅಣೇಲಿ ಬುಟ್ಟಿದ್ದಲ್ಲ. ಹೊಸ ಸಾಮಾನು, ಅಂಗೆಲ್ಲ ಬುಡ್ಬಾರ್ದು ಕಣ್ಲಾ. ಅದೇನ್ ತೆಪ್ಪು ಮಾಡಿತ್ತು?'

ನಾನು ಪೆಟ್ಟಿಗೆಯ ಹಿಂದಿನ ಹಲಗೆ ಕಿತ್ತು ನೋಡಿದೆ. ಎರಡು ತಂತಿಗಳೂ ಮುತ್ತೈದೆಯರಾಗಿ ಕೂತಿದ್ದವು. ಅವಳನ್ನು ಬೈಯಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ, ಎರಡನ್ನೂ ಮಾಡದೆ, ಒಲೆಯ ಹತ್ತಿರ ಓಡಿ ಕಡ್ಡಿ ತಂದೆ. ಮೇಲಿನದನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಹಾಕಿದೆ. ಹಲಗೆ ಮುಚ್ಚುವುದಕ್ಕೂ ನಿಲ್ಲದೆ ಸ್ವಿಚ್ಚು ಒತ್ತಿದೆ.

ಮೊದಲ ಪದ ಆಗಲೇ ಅರ್ಧವಾಗಿತ್ತು. ಹೆಂಗಸರೆಲ್ಲ ಒಟ್ಟಿಗೆ ಸೊಲ್ಲು ಹಿಡಿದಿದ್ದರು. ನಡುಮನೆಯಲ್ಲಿದ್ದವರು ತಮ್ಮ ತಮ್ಮ ದನಿ ಹುಡುಕಿಕೊಂಡು ಒಬ್ಬರನ್ನೊಬ್ಬರು ತಿವಿದು ನಗತೊಡಗಿದರು. ಎರಡನೆಯ ಪದ ಹಸೆಗೆ ಕರೆಯುವುದು. ಅದನ್ನು ಮುಂದಿನವಳು ಒಬ್ಬಳೇ ಎತ್ತಿಕೊಳ್ಳಬೇಕು. ಬೆಲ್ಲಿನ ಟ್ರಾನ್ಸ್‌ಫಾರ್ಮರಿನಿಂದ ಟಿಣ್ ಅನ್ನದೆ, ಕಂಚಿನ ಪಾತ್ರೆಯ ಅಂಚಿನ ಮೇಲೆ ಬೆರಳಾಡಿಸಿದಂಥ ಒಂದು ದನಿ ಬಂತು. ತುಂಬು ದನಿ, ಎಲ್ಲೂ ಒಡಕಿಲ್ಲ. ನಾನು ಗೆದ್ದವನಂತೆ ಚಿಕ್ಕವ್ವನ ಕಡೆ ತಿರುಗಿದೆ.

ಅವಳು ನಗುತ್ತಿರಲಿಲ್ಲ. ಪೆಟ್ಟಿಗೆಯ ಹತ್ತಿರಕ್ಕೆ ಸರಿದು ಕೂತಿದ್ದಳು. 'ಪದ ಯೋಳ್ತಿರೋದು ಯಾರ್ಲಾ?' ಎಂದಳು.

'ನೀನೇ ಚಿಕ್ಕವ್ವ.'

'ನಾನಲ್ಲ ಕಣ್ಲಾ.' ಸ್ವಲ್ಪ ಹೊತ್ತು ಕೇಳಿದಳು. ಕಣ್ಣಲ್ಲಿ ನೀರು ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. 'ಇದು ನಮ್ಮಕ್ಕ.'

ತನ್ನ ದನಿ ತನ್ನ ಕಿವಿಗೆ ತಲೆಬುರುಡೆಯ ಒಳಗಿನಿಂದಲೂ ಕೇಳಿಸುತ್ತದೆ, ಹೊರಗಿನಿಂದ ಕೇಳಿದಾಗ ಬೇರೆಯಾಗಿರುತ್ತದೆ ಎಂದು ನಾನು ಎಷ್ಟೋ ಸಲ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಆ ಪಾಠ ಆಗ ನೆನಪಿಗೆ ಬರಲಿಲ್ಲ. ಪದ ಮುಗಿಯಿತು. ತಿರುಗಿ ನೋಡಿದರೆ ಅಪ್ಪ ಬಾಗಿಲವಾಡದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಯಾವಾಗ ಎದ್ದು ಬಂದನೋ.

'ಕೇಳುದ್ರಾ' ಎಂದಳು ಚಿಕ್ಕವ್ವ ಅವನಿಗೆ. 'ಅಕ್ಕನ ದನಿ.'

'ಊಂ. ಇಬ್ರುದೂ ಒಂದೇ ದನಿ. ನಂಗೊತ್ತಿತ್ತು.'

'ಗೊತ್ತಿದ್ರೆ ಒಂದ್ ದಿನಾನಾದ್ರೂ ಯೋಳ್ಬಾರ್ದಾಗಿತ್ತಾ?'

'ನೀನು ಕೇಳ್ಲಿಲ್ಲ' ಎಂದ ಅಪ್ಪ. ಜೀವಮಾನದಲ್ಲಿ ಅವನು ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಆಡಿದ ಮಾತು ಅದೊಂದೇ. ಆಮೇಲೆ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಹೊಲದ ಕಡೆ ಹೋದ. ಹೆಂಗಸರೂ ಒಬ್ಬೊಬ್ಬರಾಗಿ ಎದ್ದು ಹೊರಟರು. ರೇಡಿಯೋದಲ್ಲಿ ಯಾರೋ ಮಾವಿನ ಉಪ್ಪಿನಕಾಯಿ ಹಾಕುವ ವಿಧಾನ ಹೇಳುತ್ತಿದ್ದರು. ನಾನು ಆರಿಸಿ, ಪೆಟ್ಟಿಗೆಯ ಮುಂದೆ ಹಾಗೇ ಕೂತಿದ್ದೆ.

ಅಂದಿನವರೆಗೆ, ನನ್ನ ತಾಯಿಯಿಂದ ನನಗೆ ಉಳಿದದ್ದು ಏನೂ ಇಲ್ಲವೆಂದು ಒಂದು ಸಣ್ಣ ದುಃಖವನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ನೋಡಿದರೆ, ಆ ದನಿಯಲ್ಲಿ ಜೋಗುಳ ಹಾಡಿಸಿಕೊಂಡು ಮಲಗಿದ್ದೇನೆ, ಆ ದನಿಯಿಂದ ಬೈಸಿಕೊಂಡು ಎದ್ದಿದ್ದೇನೆ, ಮಗ್ಗಿ ತಪ್ಪು ಹೇಳಿ ಆ ದನಿಗೆ ನಗು ಬರಿಸಿದ್ದೇನೆ. ಒಂದು ದಿನವೂ ತಪ್ಪದೆ ಕೇಳಿದ್ದೇನೆ. ಕೊಟ್ಟವಳಿಗೂ ಗೊತ್ತಿರಲಿಲ್ಲ, ಇಸಿದುಕೊಂಡವನಿಗೂ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾನು ಯಾರ್ಯಾರಿಗೆ ಋಣಿಯಾಗಿದ್ದೆನೆಂದರೆ, ಬೆಲ್ಲು ಒತ್ತದೆ ಬಾಗಿಲಲ್ಲಿ ನಿಂತು ಕೆಮ್ಮಿದ ಮಳವಳ್ಳಿಯ ಆ ಕಕ್ಷಿದಾರರಿಗೂ ಋಣಿಯಾಗಿದ್ದೆ.

ಒಳಗೆ ತಟ್ಟೆ ಇಟ್ಟ ಸದ್ದಾಯಿತು. 'ಮಗ, ಮುದ್ದೆ ಆರೋಯ್ತದೆ, ಬಾರ್ಲಾ' ಎಂದು ಚಿಕ್ಕವ್ವ ಕೂಗಿದಳು. ಚೆನ್ನಾಗಿ ಕೇಳಿಸಿತು, ಹಸಿವೂ ಆಗಿತ್ತು. ಆದರೂ ಏಳಲಿಲ್ಲ. ಇನ್ನೊಂದು ಸಲ ಕೂಗಲಿ ಎಂದು ಸುಮ್ಮನೆ ಕೂತಿದ್ದೆ.